ಪ್ಯಾಡ್ ತೂಗಿದೆವು, ಲೆಕ್ಕ ಸಿಕ್ಕಿತು: ನನ್ನ ಅನುಭವ

ಮುಟ್ಟಿನಲ್ಲಿ ಹೋಗುವ ರಕ್ತ ಅಳೆಯುವ ಸ್ಟಡಿಗೆ ದುಡ್ಡು ಕೇಳಿ ಮೂರು ಸಲ ಗ್ರಾಂಟ್‌ಗೆ ಅರ್ಜಿ ಹಾಕಿದೆ, ಮೂರು ಸಲವೂ ವಾಪಸ್ ಬಂತು. ಒಂದೊಂದರಲ್ಲಿ ಒಂದೊಂದು ಥರ ಬರೆದಿದ್ದರು, ತಾತ್ಪರ್ಯ ಮಾತ್ರ ಒಂದೇ: ಬಳಸಿದ ಪ್ಯಾಡನ್ನು ಯಾವ ಹೆಂಗಸು ತಾನೇ ಲ್ಯಾಬಿಗೆ ತಂದುಕೊಡುತ್ತಾಳೆ? ಹಿರಿಯ ಸಹೋದ್ಯೋಗಿಯೊಬ್ಬರು ಮುಖಕ್ಕೇ ಹೇಳಿದರು, "ಇದೆಲ್ಲ ಕಾಗದದ ಮೇಲೆ ಚೆಂದ ಕಣ್ರೀ. ಎರಡನೇ ತಿಂಗಳಿಗೆ ನಿಮ್ಮ ಫ್ರೀಜರ್ ಖಾಲಿ ಹೊಡೀತಿರುತ್ತೆ, ನೋಡ್ತಿರಿ." ಹೋದ ತಿಂಗಳು ಆ ಫ್ರೀಜರ್‌ನಲ್ಲಿ ಜಾಗ ಸಾಲದೆ ಇನ್ನೊಂದನ್ನು ಎರವಲು ತಂದೆ. ಅವರನ್ನು ಕರೆದು ಎರಡರ ಬಾಗಿಲನ್ನೂ ತೆಗೆದು ತೋರಿಸಿದೆ. ಜಂಭ ಅಂದುಕೊಳ್ಳಿ, ಪರವಾಗಿಲ್ಲ.

ಇದನ್ನು ಬರೆಯುತ್ತಿರುವುದು ಇಂಥ ಸ್ಟಡಿ ಮಾಡುವವರಿಗೆ. ಕನ್ಸೆಂಟ್, ರ‍್ಯಾಂಡಮೈಸೇಷನ್ (ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದ ಹಾಗೆ ಹಂಚುವುದು), ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ರಕ್ತಪರೀಕ್ಷೆ) ಕಿಟ್ ಎಲ್ಲ ನಿಮಗೆ ಗೊತ್ತಿರುವುದೇ. ಪಾಠ ಮಾಡಲು ಹೋಗುವುದಿಲ್ಲ. ಎಲ್ಲಿ ಎಡವಿದೆ, ದುಡ್ಡು ಎಲ್ಲಿ ಸೋರಿತು, ಏನು ಮಾಡಿದ ಮೇಲೆ ಗಾಡಿ ದಾರಿಗೆ ಬಂತು, ಅಷ್ಟೇ. ನಮ್ಮ ಸ್ಟಡಿಯ ಅಂಕಿಗಳನ್ನು ನೆನಪಿನಿಂದ ಹಾಕಿದ್ದೇನೆ, ಒಂದೆರಡು ಆಚೀಚೆ ಇರಬಹುದು.

ಶುರುವಾಗಿದ್ದು ಪ್ಯಾಡಿನಿಂದ ಅಲ್ಲ, ಕಬ್ಬಿಣದ ಮಾತ್ರೆಯಿಂದ. ದಿನ ಬಿಟ್ಟು ದಿನ ಮಾತ್ರೆ ಕೊಟ್ಟರೆ ದೇಹ ಹೀರಿಕೊಳ್ಳುವ ಪಾಲು ಜಾಸ್ತಿ ಎಂದು 2017ರಲ್ಲಿ ಸ್ವಿಟ್ಜರ್ಲೆಂಡಿನ ತಂಡ ತೋರಿಸಿತ್ತಲ್ಲ. ಮಾತ್ರೆ ನುಂಗಿದ ಮೇಲೆ ಕಬ್ಬಿಣ ಹೀರುವುದನ್ನು ತಡೆಯುವ ಹೆಪ್ಸಿಡಿನ್ ಹಾರ್ಮೋನ್ ಏರಿ ಮರುದಿನದ ಬಾಗಿಲು ಹಾಕಿಬಿಡುತ್ತದೆ ಎನ್ನುವುದು ಅದರ ಕಾರಣ. ಮೂರು ತಿಂಗಳು ಕೆಲವರಿಗೆ ದಿನಾ, ಕೆಲವರಿಗೆ ಹಾಗೆ ದಿನ ಬಿಟ್ಟು ದಿನ ಕೊಟ್ಟು ಫೆರಿಟಿನ್ ಎಷ್ಟು ಏರುತ್ತದೆ ನೋಡೋಣ ಎಂದು ನಾವೂ ಹೊರಟೆವು. ಸುಮಾರು 70 ಜನ ಹೆಂಗಸರು, ವಯಸ್ಸು 18ರಿಂದ 45. ಎಲ್ಲರ ಫೆರಿಟಿನ್ನೂ 30ಕ್ಕಿಂತ ಕೆಳಗೆ. ಮೂರು ತಿಂಗಳಾದ ಮೇಲೆ ಗ್ರಾಫ್ ಹಾಕಿದರೆ ನೆಲದ ಮೇಲೆ ಕಾಳು ಚೆಲ್ಲಿದ ಹಾಗಿತ್ತು. ಒಬ್ಬರಿಗೆ 12ರಿಂದ 40ಕ್ಕೆ ಏರಿದೆ. ಅದೇ ಮಾತ್ರೆ, ಅದೇ ಕ್ರಮ, ಇನ್ನೊಬ್ಬರಿಗೆ 12ರಿಂದ 13.

ಮೀಟಿಂಗ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಮಾತ್ರೆ ತಗೊಂಡಿರಲ್ಲ ಬಿಡಿ." ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಉಳಿದ ಮಾತ್ರೆ ಎಣಿಸಿದೆವು. ತಗೊಂಡಿದ್ದರು. ಫೆರಿಟಿನ್ 13ರಲ್ಲೇ ನಿಂತಿದ್ದ ಒಬ್ಬರಂತೂ ಕ್ಯಾಲೆಂಡರ್ ಹಾಳೆಗಳನ್ನೇ ಹರಿದು ತಂದಿದ್ದರು. ಪ್ರತಿ ಮಾತ್ರೆಗೂ ನೀಲಿ ಪೆನ್ನಿನಲ್ಲಿ ಒಂದು ಸುತ್ತು. ಅದೇ ಹಾಳೆಗಳಲ್ಲಿ ಕೆಂಪು ಪೆನ್ನಿನ ಗೀಟುಗಳೂ ಇದ್ದವು. ಎಂಟೊಂಬತ್ತು ದಿನ ಸಾಲಾಗಿ, ಕೆಲವು ದಿನಕ್ಕೆ ಎರಡು ಗೀಟು.

"ಇದೇನು?" ಅಂದೆ.

"ಅದು ನಿಮಗಲ್ಲ ಮೇಡಂ, ನನ್ನ ಪೀರಿಯಡ್ಸ್ ಲೆಕ್ಕ."

ನಮಗೆ ಬೇಕಾಗಿದ್ದೇ ಅದು. ನಾವು ಕೇಳಿಯೇ ಇರಲಿಲ್ಲ. ಅಂದರೆ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು, ಇಲ್ಲ ಅನ್ನುವ ಹಾಗಿಲ್ಲ. "ರಕ್ತಸ್ರಾವ: ಕಡಿಮೆ, ಸಾಧಾರಣ, ಜಾಸ್ತಿ." ಮುಕ್ಕಾಲು ಪಾಲು ಜನ ಸಾಧಾರಣ ಎಂದು ಗುರುತು ಹಾಕಿದ್ದರು. ಈ ಕ್ಯಾಲೆಂಡರ್‌ನವರೂ. ಯಾಕೆಂದು ಕೇಳಿದರೆ, ಅವರ ಅಮ್ಮನಿಗೂ ಅಕ್ಕನಿಗೂ ಹಾಗೇ ಆಗುತ್ತಿತ್ತಂತೆ. ಮತ್ತೆ ಸಾಧಾರಣ ಅಲ್ದೆ ಇನ್ನೇನು?

ಆವತ್ತು ಕೂತು ಲೆಕ್ಕ ಹಾಕಿದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಲಿಗ್ರಾಂ ಕಬ್ಬಿಣ. ಹಿಮೋಗ್ಲೋಬಿನ್ 12, ಅಂದರೆ ನೂರು ಎಂಎಲ್ ರಕ್ತದಲ್ಲಿ 12 ಗ್ರಾಂ, ಇರುವವರಿಗೆ ಒಂದು ಎಂಎಲ್ ರಕ್ತ ಹೋದರೆ 0.4 ಮಿಲಿಗ್ರಾಂ ಹೋಯಿತು. ತಿಂಗಳಿಗೆ 30 ಎಂಎಲ್ ಹೋಗುವವರಿಗೆ 12 ಮಿಲಿಗ್ರಾಂ ನಷ್ಟ, 150 ಎಂಎಲ್ ಹೋಗುವವರಿಗೆ 60. ಫೆರಿಟಿನ್‌ನ ಒಂದು ಪಾಯಿಂಟ್ ಅಂದರೆ ದೇಹದ ಸಂಗ್ರಹದಲ್ಲಿ ಸುಮಾರು 8 ಮಿಲಿಗ್ರಾಂ ಎಂಬ ಹಳೇ ಲೆಕ್ಕ ಹಿಡಿದರೆ ಇಬ್ಬರ ನಡುವೆ ತಿಂಗಳಿಗೆ 6 ಪಾಯಿಂಟ್ ಅಂತರ, ಮೂರು ತಿಂಗಳಿಗೆ 18. ನಾವು ಎರಡು ಕ್ರಮಗಳ ನಡುವೆ ಹುಡುಕುತ್ತಿದ್ದ ವ್ಯತ್ಯಾಸವೇ ಏಳೆಂಟು ಪಾಯಿಂಟ್! ತೊಟ್ಟಿಗೆ ಬಿಟ್ಟ ನೀರನ್ನು ಲೋಟ ಲೋಟ ಎಣಿಸಿದ್ದೆವು. ತಳದ ತೂತು ಎಷ್ಟು ದೊಡ್ಡದು ಅಂತ ಬಗ್ಗಿ ನೋಡಿರಲಿಲ್ಲ.

ಗ್ರಾಂಟ್ ಅರ್ಜಿಗಳು ಆಮೇಲಿನವು. ಎರಡನೆಯದಕ್ಕೆ ಬಂದ ಸಲಹೆ ಇನ್ನೂ ನೆನಪಿದೆ. ಮುಟ್ಟು ನಿಂತವರನ್ನೋ ಗಂಡಸರನ್ನೋ ಸೇರಿಸಿಕೊಂಡರೆ ಏರುಪೇರು ಕಡಿಮೆಯಾಗುತ್ತದೆ, ಖರ್ಚೂ ಉಳಿಯುತ್ತದೆ ಎಂದಿತ್ತು. ಕಬ್ಬಿಣದ ಕೊರತೆ ಇರುವುದೇ ಮುಟ್ಟಾಗುವವರಲ್ಲಿ ಜಾಸ್ತಿ, ಅವರನ್ನು ಬಿಟ್ಟು ಮಾಡಿ ಅಂದ ಹಾಗಾಯಿತು. ಈ ಯೋಚನೆಗೆ ವಯಸ್ಸಾಗಿದೆ. ಮಕ್ಕಳಾಗಬಹುದಾದ ಹೆಂಗಸರನ್ನು ಔಷಧಿಯ ಮೊದಲ ಹಂತದ ಟ್ರಯಲ್‌ಗಳಿಂದ ಹೊರಗಿಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ್ದು 1977ರಲ್ಲಿ. ಅದನ್ನು ಹಿಂದಕ್ಕೆ ತಗೊಂಡಿದ್ದು 1993ರಲ್ಲಿ. ನಿದ್ದೆ ಮಾತ್ರೆ ಜೋಲ್ಪಿಡೆಮ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ, ಹೆಂಗಸರಿಗೆ 10 ಮಿಲಿಗ್ರಾಂ ಬೇಡ, 5 ಕೊಡಿ ಎಂದು ಹೇಳಿದ್ದು 2013ರಲ್ಲಿ. ಹೆಣ್ಣಿಲಿಗಳಲ್ಲಿ ಏರುಪೇರು ಜಾಸ್ತಿ ಎಂಬ ನಂಬಿಕೆಯೂ ನಿಲ್ಲಲಿಲ್ಲ. 2014ರಲ್ಲಿ 293 ಪೇಪರ್‌ಗಳನ್ನು ಜಾಲಾಡಿದವರಿಗೆ ಗಂಡಿಲಿಗಿಂತ ಹೆಣ್ಣಿಲಿಯ ಏರುಪೇರು ಜಾಸ್ತಿ ಅಂತ ಕಾಣಲೇ ಇಲ್ಲ. ಇದನ್ನೆಲ್ಲ ಎರಡು ಪುಟ ಬರೆದು ಮೂರನೇ ಅರ್ಜಿಗೆ ಲಗತ್ತಿಸಿದೆ. ಸಿಟ್ಟಿನಲ್ಲಿ ಬರೆದದ್ದಕ್ಕೆ ದುಡ್ಡು ಹುಟ್ಟುವುದಿಲ್ಲ ಅಂತ ಗೊತ್ತಾಯಿತು.

ಕೊನೆಗೆ ವಿಭಾಗದ ಸಣ್ಣ ನಿಧಿಯಿಂದ ಒಂದಿಷ್ಟು ಸಿಕ್ಕಿತು. ಕೇಳಿದ್ದರ ಆರನೇ ಒಂದು ಭಾಗ. ಅದರಲ್ಲೇ ಶುರು.

ವಿಧಾನ ಹೊಸದಲ್ಲ. 1964ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಹಾಲ್‌ಬರ್ಗ್ ಮತ್ತು ನಿಲ್ಸನ್ ಬರೆದ ಆಲ್ಕಲೈನ್ ಹೆಮಾಟಿನ್. ಪ್ಯಾಡನ್ನು ಶೇ. 5ರ ಅಲ್ಕಲಿ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿ, ಹಿಂಡಿ, ಸೋಸಿ, ಬಣ್ಣ ಎಷ್ಟು ಗಾಢ ಎಂದು 546 ನ್ಯಾನೊಮೀಟರ್‌ನಲ್ಲಿ ಓದಿ, ಅದೇ ಹೆಂಗಸಿನ ತೋಳಿನ ರಕ್ತದ ಜೊತೆ ಹೋಲಿಸುವುದು. ಎರಡು ವರ್ಷದ ನಂತರ ಅಲ್ಲಿನ ಗೋಥೆನ್‌ಬರ್ಗ್‌ನಲ್ಲಿ 476 ಹೆಂಗಸರ ಮೇಲೆ ಇದನ್ನೇ ಮಾಡಿದರು. 80 ಎಂಎಲ್ ದಾಟಿದರೆ ಜಾಸ್ತಿ ಎಂಬ ಗೆರೆ ಬಂದದ್ದು ಅಲ್ಲಿಂದ. ಫೈಬ್ರಾಯ್ಡ್‌ಗೆ (ಗರ್ಭಕೋಶದ ಗಡ್ಡೆಗೆ) ಈಚೆಗೆ ಬಂದ ಔಷಧಿ ರೆಲುಗೋಲಿಕ್ಸ್‌ನ ಟ್ರಯಲ್‌ಗಳಲ್ಲೂ ಇದೇ ವಿಧಾನ, ಇದೇ 80ರ ಗೆರೆ. ಕಂಪನಿಗಳ ಹತ್ತಿರ ದುಡ್ಡಿದೆ, ಕೊರಿಯರ್ ಇದೆ, ಮೊದಲೇ ಪರೀಕ್ಷೆ ಮಾಡಿಟ್ಟ ಪ್ಯಾಡ್ ಇದೆ. ನಮ್ಮ ಹತ್ತಿರ ಒಬ್ಬ ಟೆಕ್ನಿಷಿಯನ್, ಒಂದು ಸೆಕೆಂಡ್ ಹ್ಯಾಂಡ್ ಸ್ಟೊಮ್ಯಾಕರ್, ಅಂದರೆ ಚೀಲದೊಳಗಿನದನ್ನು ಹಲಗೆಗಳಿಂದ ಗುದ್ದಿ ಹಿಂಡುವ ಮೆಷಿನ್. ಆ ಮೆಷಿನ್ ಒಂದೇ ಬಂದ ದುಡ್ಡಿನಲ್ಲಿ ಐದರಲ್ಲಿ ಎರಡು ಪಾಲು ನುಂಗಿತು.

ಮೊದಲ ಸುತ್ತಿಗೆ 24 ಜನ. ಉಳಿದದ್ದು 9.

ಅದು ಹೆಂಗಸರ ತಪ್ಪಲ್ಲ. ಒಂದೊಂದಾಗಿ ಹೇಳುತ್ತೇನೆ, ಎಲ್ಲ ನನ್ನ ಘನಕಾರ್ಯಗಳೇ. ಎಲ್ಲರಿಗೂ ಒಂದೇ ಕಂಪನಿಯ ಪ್ಯಾಡ್ ಕೊಟ್ಟೆ, ಬ್ಲ್ಯಾಂಕ್ (ರಕ್ತವಿಲ್ಲದ ಪ್ಯಾಡಿನ ಅಳತೆ) ಸುಲಭವಾಗಲಿ ಅಂತ. ರಾತ್ರಿ ಸೋರುತ್ತದೆ, ಉರಿಯುತ್ತದೆ ಎಂದು ಅರ್ಧ ಜನ ರಾತ್ರಿ ಹೊತ್ತು ತಮ್ಮದನ್ನೇ ಹಾಕಿಕೊಂಡರು, ಹೇಳಲಿಲ್ಲ. ಹೇಳಿದರೆ ಬೈಯುತ್ತೇವೆ ಅಂದುಕೊಂಡರಂತೆ. ಆಮೇಲೆ ಭೇಟಿಯ ದಿನ. 28 ದಿನಕ್ಕೊಮ್ಮೆ ಎಂದು ಚಾರ್ಟ್ ಹಾಕಿದ್ದೆ. 2019ರಲ್ಲಿ ಆರು ಲಕ್ಷಕ್ಕೂ ಜಾಸ್ತಿ ಋತುಚಕ್ರಗಳ ಲೆಕ್ಕ ಬಂದಿತ್ತಲ್ಲ, ಸರಾಸರಿ 29.3 ದಿನ, ಸರಿಯಾಗಿ 28 ದಿನದ್ದು ಶೇ. 13 ಮಾತ್ರ ಅಂತ. ಅದನ್ನು ನಾನು ಓದಿದ್ದೆ, ಪಾಠವನ್ನೂ ಮಾಡಿದ್ದೆ! ಆದರೂ ಚಾರ್ಟ್‌ನಲ್ಲಿ 28. ಮುಟ್ಟಾಗುವ ಮೊದಲೇ ಬಂದು ಖಾಲಿ ಕೈಯಲ್ಲಿ ಕೂತವರು ಎಷ್ಟೋ ಜನ. ಎರಡು ಸಲ ಸುಮ್ನೆ ಓಡಾಡಿದ ಮೇಲೆ ಮೂರನೇ ಸಲ ಯಾರು ಬರುತ್ತಾರೆ? ದಾರಿ ಖರ್ಚನ್ನು ಬೇರೆ ತಿಂಗಳ ಕೊನೆಗೆ ಬಿಲ್ ನೋಡಿ ಕೊಡುತ್ತಿದ್ದೆವು.

ತಂದವರೂ ರಿಸೆಪ್ಷನ್‌ನಲ್ಲಿ ಹೆಸರು ಹೇಳಿ, ಏನು ತಂದಿದ್ದೇನೆ ಎಂದು ಹೇಳಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಕೊಡಬೇಕಿತ್ತು. ಅಕ್ಕಪಕ್ಕ ಹತ್ತು ಜನ ಕೂತಿರುತ್ತಿದ್ದರು. ನಾನೇ ಆಗಿದ್ದರೆ ಮೊದಲ ದಿನವೇ ಬಿಡುತ್ತಿದ್ದೆ.

ಲ್ಯಾಬಿನ ಒಳಗಿನ ಕಥೆ ಬೇರೆ. ಹಳೇ ಪೇಪರ್‌ಗಳ ಪ್ಯಾಡ್ ಬರೀ ಹತ್ತಿ, ನಾರು. ಈಗಿನ ಪ್ಯಾಡಿನೊಳಗೆ ಜೆಲ್ ಆಗುವ ಪುಡಿ ಇದೆ, ಹಿಂಬದಿಯಲ್ಲಿ ಅಂಟು, ಪಕ್ಕದಲ್ಲಿ ರೆಕ್ಕೆ. ಮೂರನೇ ದಿನವೋ ನಾಲ್ಕನೇ ದಿನವೋ, ರೆಕ್ಕೆ ಬಿಡಿಸದೆ ಚೀಲಕ್ಕೆ ಹಾಕಿ ಸ್ಟೊಮ್ಯಾಕರ್ ಬಾಗಿಲು ಮುಚ್ಚಿದೆವು. ಅಂಟು ಚೀಲದ ಎರಡೂ ಗೋಡೆಗೆ ಹತ್ತಿಕೊಂಡಿದೆ. ಒಳಗಿನ ಹಲಗೆಗಳು ದಬದಬ ಗುದ್ದುತ್ತಿವೆ. ಅರ್ಧ ನಿಮಿಷಕ್ಕೆ ಟಪ್ ಅಂತ ಶಬ್ದ ಬಂತು. ಬಾಗಿಲ ಸಂದಿಯಿಂದ ಚಹಾ ಬಣ್ಣದ ದ್ರವ ಮೇಜಿನ ಮೇಲೆ, ಅಲ್ಲಿಂದ ಟೆಕ್ನಿಷಿಯನ್ ಕೋಟಿನ ಮೇಲೆ. ಶೇ. 5ರ ಅಲ್ಕಲಿ ತಮಾಷೆಯಲ್ಲ. ಕನ್ನಡಕ ಹಾಕಿದ್ದ, ಬಚಾವಾದ. ಆವತ್ತಿನಿಂದ ಎರಡು ಚೀಲ, ಒಂದರೊಳಗೆ ಒಂದು. ಹಿಂಬದಿಯ ಪ್ಲಾಸ್ಟಿಕ್ ಕತ್ತರಿಸಿ ತೆಗೆದು, ಅದನ್ನೂ ಅದೇ ದ್ರವದಲ್ಲಿ ಅದ್ದಿ ತೊಳೆದು ಬಿಸಾಡುವುದು.

ರಿಕವರಿ, ಅಂದರೆ ಹಾಕಿದ ರಕ್ತದಲ್ಲಿ ಎಷ್ಟು ವಾಪಸ್ ಸಿಗುತ್ತದೆ ಎಂದು, ನೋಡಿದರೆ ಇನ್ನೂ ಬೇಜಾರು. ಅವಧಿ ಮುಗಿದ ರಕ್ತದ ಚೀಲವೊಂದನ್ನು ತಂದು, ಹೊಸ ಪ್ಯಾಡ್‌ಗಳ ಮೇಲೆ 1, 5, 10, 20 ಎಂಎಲ್ ಹಾಕಿ, ಒಣಗಿಸಿ ಅಳೆದೆವು. 10 ಹಾಕಿದರೆ 7 ಸಿಗುತ್ತಿದೆ, 20 ಹಾಕಿದರೆ 13. ಮಿಕ್ಕಿದ್ದು ಜೆಲ್ ಒಳಗೆ ಕೂತಿದೆ. ಸೋಸುವ ಕಾಗದವೂ ಕಟ್ಟಿಕೊಳ್ಳುತ್ತದೆ. ಒಂದು ಗಂಟೆ ನೆನೆಸುತ್ತಿದ್ದದ್ದನ್ನು ಇಡೀ ರಾತ್ರಿ ಮಾಡಿದೆವು. ಪ್ಯಾಡನ್ನು ಆರು ತುಂಡು ಮಾಡಿ ಎರಡು ಸಲ ಹಿಂಡಿದೆವು. ಎರಡನೇ ಹಿಂಡಿಗೆ ಮೊದಲು ಇನ್ನೊಂದು ಪದಾರ್ಥ ಸೇರಿಸುತ್ತೇವೆ. ಅದೇನೆಂದು ಸದ್ಯಕ್ಕೆ ಕೇಳಬೇಡಿ, ಪೇಪರ್ ಅಚ್ಚಾಗಲಿ. ಈಗ 10 ಹಾಕಿದರೆ 9.4, 9.6 ಬರುತ್ತದೆ. ಪ್ರತಿ ಕಂಪನಿಯ ಪ್ಯಾಡಿಗೂ ಬೇರೆ ಬ್ಲ್ಯಾಂಕ್ ಇಡಿ. ಮೇಲ್ಪದರದ ಬಣ್ಣದ ಹೂವುಗಳೂ ಅಲ್ಕಲಿಯಲ್ಲಿ ಬಿಡುತ್ತವೆ. ಒಂದು ಕಂಪನಿಯ ನೇರಳೆ ಹೂವು ಒಂದೇ ನಮಗೆ ಅರ್ಧ ಎಂಎಲ್ ಸುಳ್ಳು ರಕ್ತ ತೋರಿಸಿತ್ತು.

ಇಷ್ಟಾಗಿ ಕೆಲಸ ಮುಗಿಯುತ್ತಿರಲಿಲ್ಲ. ಒಬ್ಬರಿಗೆ ಒಂದು ಮುಟ್ಟಿಗೆ 16 ಪ್ಯಾಡ್ ಅಂತ ಹಿಡಿಯಿರಿ. 24 ಜನಕ್ಕೆ ಹತ್ತಿರ ಹತ್ತಿರ 380. ನಮ್ಮ ಟೆಕ್ನಿಷಿಯನ್ ಹುಡುಗ ದಿನಕ್ಕೆ 12 ಮಾಡಬಲ್ಲ. 32 ದಿನದ ಕೆಲಸ, ಅಷ್ಟರಲ್ಲಿ ಮುಂದಿನ ತಿಂಗಳ ಪ್ಯಾಡ್‌ಗಳು ಬಂದಿರುತ್ತವೆ. ಫ್ರೀಜರ್ ತುಂಬಿತು. ಪಕ್ಕದ ಲ್ಯಾಬಿನವರ ಫ್ರೀಜರ್‌ನಲ್ಲಿ ಎರಡು ಡಬ್ಬ ಇಟ್ಟಿದ್ದೆವು. ಅದರೊಳಗೆ ಏನಿದೆ ಅಂತ ಯಾರಿಗೋ ಗೊತ್ತಾಗಿ, ಒಂದು ಸೋಮವಾರ ನೋಡಿದರೆ ಡಬ್ಬಗಳು ಕಾರಿಡಾರಿನಲ್ಲಿ, ಕರಗಿ, ಕೆಳಗೆ ನೀರು. ರಕ್ತದ ಟ್ಯೂಬ್ ಇಟ್ಟಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ರಕ್ತವೇ ಅಲ್ವಾ ಅದೂ? ಪುಣ್ಯಕ್ಕೆ ಹಳೇ ರಕ್ತವೂ ಅಲ್ಕಲಿಯಲ್ಲಿ ಅದೇ ಹೆಮಾಟಿನ್ ಆಗುತ್ತದೆ, ಹಾಗಾಗಿ ಮಾದರಿ ಪೂರ್ತಿ ಹಾಳಾಗಲಿಲ್ಲ. ವಾಸನೆ ಮಾತ್ರ ಒಂದು ವಾರ.

ಇಲ್ಲಿ ನಾನು ಬಿಟ್ಟುಬಿಡಬೇಕು ಅಂತಿದ್ದೆ. ಆಗ ನಮ್ಮ ಹುಡುಗನೇ ಕೇಳಿದ, "ಮೇಡಂ, ಎಲ್ಲಾ ಯಾಕೆ ಹಿಂಡಬೇಕು? ತೂಗಿದ್ರೆ ಆಗಲ್ವಾ?"

ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಮುಟ್ಟಿನ ದ್ರವ ಪೂರ್ತಿ ರಕ್ತವಲ್ಲ. 1985ರ ಒಂದು ಅಧ್ಯಯನದಲ್ಲಿ ಸರಾಸರಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ರಕ್ತ ಇತ್ತು, ಅದೂ ಒಬ್ಬರಿಂದ ಒಬ್ಬರಿಗೆ ಅಜಗಜಾಂತರ. ಬರೀ ತೂಗಿದರೆ ಎಲ್ಲರೂ ಜಾಸ್ತಿ ರಕ್ತ ಹೋಗುವವರೇ ಆಗಿಬಿಡುತ್ತಾರೆ. ನಾನೂ ಅದನ್ನೇ ಹೇಳಿ ಅವನ ಬಾಯಿ ಮುಚ್ಚಿಸಿದೆ. ರಾತ್ರಿ ಹೊಳೆಯಿತು. ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ ಸರಿ, ಅವರವರ ಪಾಲನ್ನು ಅವರವರಲ್ಲೇ ಅಳೆದರೆ? ಎಲ್ಲ ಪ್ಯಾಡನ್ನೂ ಮನೆಯಲ್ಲೇ ತೂಗಲಿ. ಲ್ಯಾಬಿಗೆ ಮೂರೇ ಮೂರು ಬರಲಿ. ಜಾಸ್ತಿ ಹೋಗುವ ದಿನದ್ದು ಎರಡು, ಆಮೇಲಿನದ್ದು ಒಂದು. ಅದರಿಂದ ಆಕೆಯ ರಕ್ತದ ಪಾಲು ಸಿಗುತ್ತದೆ, ಉಳಿದದ್ದು ಗುಣಾಕಾರ. ಶೇ. 90ರಷ್ಟು ರಕ್ತ ಮೊದಲ ಮೂರು ದಿನದಲ್ಲೇ ಹೋಗುತ್ತದೆ ಎಂದು ಹಳೇ ಅಳತೆಗಳು ಹೇಳುತ್ತವೆ. ಕೊನೆಯ ದಿನಗಳಲ್ಲಿ ಸ್ವಲ್ಪ ತಪ್ಪಿದರೂ ಮೊತ್ತ ಅಲುಗಾಡುವುದಿಲ್ಲ. ಯಾವ ಮೂರು ಪ್ಯಾಡ್ ಎಂದು ಆರಿಸಲು ನಮ್ಮದೊಂದು ನಿಯಮ ಇದೆ. ಅದೂ ಸದ್ಯಕ್ಕೆ ನಮ್ಮ ಹತ್ತಿರವೇ ಇರಲಿ.

ಹೀಗೆ ಮಾಡುತ್ತೇವೆ ಅಂದಾಗ ನಮ್ಮ ಸ್ಟ್ಯಾಟಿಸ್ಟಿಕ್ಸ್‌ನವರೂ ನಕ್ಕರು. "ದಿನದಿಂದ ದಿನಕ್ಕೂ ಪಾಲು ಬದಲಾಗುತ್ತೆ, ಮೂರು ಪ್ಯಾಡ್ ಯಾವ ಮೂಲೆಗೆ?" ಹೇಳಿ ಒಪ್ಪಿಸುವುದಕ್ಕಿಂತ ಮಾಡಿ ತೋರಿಸುವುದು ವಾಸಿ ಅಂತ, 14 ಜನರಲ್ಲಿ ಎರಡೂ ಮಾಡಿದೆವು. ತೂಕವೂ ಆಯಿತು, ಎಲ್ಲ ಪ್ಯಾಡ್ ಹಿಂಡಿದ್ದೂ ಆಯಿತು. ಸುಮಾರು 220 ಪ್ಯಾಡ್. ಹನ್ನೆರಡು ಜನರಲ್ಲಿ ಎರಡು ಲೆಕ್ಕಗಳ ವ್ಯತ್ಯಾಸ ಶೇ. 10ರ ಒಳಗೆ. ಒಬ್ಬರಲ್ಲಿ 14. ಒಬ್ಬರಲ್ಲಿ ಮಾತ್ರ 30 ದಾಟಿತು. ಕೇಳಿದರೆ, ಅವರಿಗೆ ಕೆಮ್ಮಿದಾಗ ಮೂತ್ರ ಸೋರುವ ತೊಂದರೆ, ಪ್ಯಾಡಿನ ತೂಕದಲ್ಲಿ ಅದೂ ಸೇರಿದೆ. ಈಗ ಸೇರಿಸಿಕೊಳ್ಳುವಾಗಲೇ ಆ ಪ್ರಶ್ನೆ ಕೇಳುತ್ತೇವೆ. ಇದ್ದವರನ್ನು ಹೊರಗೆ ಹಾಕುವುದಿಲ್ಲ, ಅವರ ಎಲ್ಲ ಪ್ಯಾಡೂ ಲ್ಯಾಬಿಗೆ ಬರುತ್ತದೆ.

ಮನೆಗೆ ಕೊಡುವ ಸಾಮಾನು ಹೀಗಿದೆ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ನಂಬರ್ ಬರೆದು ಮೊದಲೇ ತೂಗಿಟ್ಟ, ಒಳಗೆ ಕಾಣದಂಥ ಜಿಪ್ ಕವರ್‌ಗಳು. ಒಂದು ಕಾರ್ಡು, ದಾರ ಕಟ್ಟಿದ ಪೆನ್ನು. ಪೆನ್ನಿಗೆ ದಾರ ಇಲ್ಲದಿದ್ದರೆ ಅರ್ಧ ಕಾರ್ಡು ಖಾಲಿ ಬರುತ್ತದೆ, ನೋಡಿ ಕಲಿತದ್ದು. ಯಾವ ಪ್ಯಾಡ್ ಬೇಕಾದರೂ ಬಳಸಲಿ, ಪ್ರತಿ ಪ್ಯಾಕೆಟ್‌ನಿಂದ ಒಂದು ಬಳಸದ ಪ್ಯಾಡ್ ನಮಗೆ ಕೊಡಬೇಕು, ಒಣ ತೂಕಕ್ಕೂ ಬ್ಲ್ಯಾಂಕ್‌ಗೂ. ಪ್ಯಾಡ್ ಬದಲು ಮುಟ್ಟಿನ ಕಪ್ ಬಳಸುವವರಿಗೆ ಅಗಲ ಬಾಯಿಯ ಬಾಟಲಿ: ಸುರಿ, ಮುಚ್ಚು, ತೂಗು. ಕಪ್‌ನವರದ್ದು ನಿಜಕ್ಕೂ ಸುಲಭ, ಹಿಂಡುವ ಗೋಳೇ ಇಲ್ಲ.

46 ತಕ್ಕಡಿಗಳ ಬೆಲೆ ಒಟ್ಟಾರೆ ಟೆಕ್ನಿಷಿಯನ್‌ನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ ಆಯಿತು. ಮೂರು ಪ್ಯಾಡ್ ಲೆಕ್ಕದಲ್ಲಿ 46 ಜನಕ್ಕೆ ತಿಂಗಳಿಗೆ 138, ಅಂದರೆ ಹನ್ನೆರಡು ದಿನದ ಕೆಲಸ. ಕೆಮಿಕಲ್, ಚೀಲ, ಸೋಸುವ ಕಾಗದದ ಖರ್ಚು ತಲೆಗೆ ಐದನೇ ಒಂದು ಭಾಗಕ್ಕೆ ಇಳಿಯಿತು. ಉಳಿದ ದುಡ್ಡು ದಾರಿ ಖರ್ಚಿಗೆ ಹೋಯಿತು, ಈ ಸಲ ಮುಂಗಡವಾಗಿ, ಬಿಲ್ ಕೇಳದೆ. ಅಕೌಂಟ್ಸ್‌ನವರು ಒಪ್ಪಲು ನಾಲ್ಕು ತಿಂಗಳು ತಗೊಂಡರು. ಇಡೀ ಸ್ಟಡಿಯಲ್ಲಿ ನನಗೆ ಅತಿ ಕಷ್ಟದ ಭಾಗ ಯಾವುದು ಅಂದರೆ ಅದೇ.

ಬ್ಯಾಟರಿಯ ಕಥೆ ಒಂದಿದೆ. ಅಗ್ಗದ ತಕ್ಕಡಿ, ಬ್ಯಾಟರಿ ಇಳಿದಾಗ ನಿಂತುಹೋಗುವುದಿಲ್ಲ, ತಪ್ಪು ತೂಕ ತೋರಿಸುತ್ತದೆ. ಎರಡನೇ ತಿಂಗಳು ಹತ್ತು ಹನ್ನೊಂದು ಜನರ ಅಂಕಿ ವಿಚಿತ್ರವಾಗಿ ಬಂತು, ಒಂದು ಪ್ಯಾಡ್ 90 ಗ್ರಾಂ, ಮುಂದಿನದು 2. ಆ ತಿಂಗಳ ಅವರ ಲೆಕ್ಕ ಬಿಟ್ಟೆವು. ಈಗ ಪ್ರತಿ ತಕ್ಕಡಿ ಜೊತೆ ಒಂದು 20 ಗ್ರಾಂ ಬಟ್ಟು ಹೋಗುತ್ತದೆ. ಮುಟ್ಟಿನ ಮೊದಲ ದಿನ ಅದನ್ನು ತೂಗಿ ಬರೆಯಬೇಕು. 19.8ರಿಂದ 20.2ರ ಒಳಗೆ ಬರದಿದ್ದರೆ ಫೋನ್ ಮಾಡಿ ಅಂತ ಹೇಳಿದ್ದೇವೆ. ಮಾಡುತ್ತಾರೆ.

ಚಾರ್ಟ್‌ನಿಂದ 28 ಅಳಿಸಿದೆ. ಮೊದಲ ದಿನ "1" ಎಂದು ಒಂದು ಮೆಸೇಜ್ ಹಾಕಿದರೆ ಸಾಕು, ಭೇಟಿಯ ದಿನವನ್ನು ನಾವು ಅಲ್ಲಿಂದ ಎಣಿಸುತ್ತೇವೆ. ಕೊಡಲು ಮೆಟ್ಟಿಲ ಪಕ್ಕದಲ್ಲಿ ಬೀಗ ಹಾಕಿದ ಒಂದು ಡಬ್ಬ, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ, ಏನೂ ಹೇಳಬೇಕಾಗಿಲ್ಲ.

ಇಷ್ಟು ಮಾಡಿದ್ದಕ್ಕೆ 46ರಲ್ಲಿ 41 ಜನ ಮೂರೂ ತಿಂಗಳು ಮುಗಿಸಿದರು. ಒಬ್ಬರು ಬಸುರಿಯಾದರು, ಇಬ್ಬರು ಊರು ಬಿಟ್ಟರು, ಇಬ್ಬರಿಗೆ ಬೇಡ ಅನ್ನಿಸಿತು. ಬೇಡ ಅನ್ನಿಸಿದವರು ಇಬ್ಬರೇ! ಇಷ್ಟು ಜನ ಉಳಿದದ್ದಕ್ಕೆ ಡಬ್ಬ, ಮುಂಗಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ ಎಂದು ನನ್ನ ಅಂದಾಜು. ಲೆಕ್ಕ ಬಂದ ವಾರವೇ ಅವರವರ ಎಂಎಲ್ಲನ್ನೂ ಫೆರಿಟಿನ್ನನ್ನೂ ಅವರವರಿಗೆ ಹೇಳುತ್ತಿದ್ದೆವು. ಇದಕ್ಕೆ ಎಥಿಕ್ಸ್ ಕಮಿಟಿ ಹತ್ತು ಪ್ರಶ್ನೆ ಕೇಳಿತು, ಕೇಳಲೇಬೇಕು. 80 ದಾಟಿದವರಿಗೆಲ್ಲ ಸ್ತ್ರೀರೋಗ ವೈದ್ಯರ ಭೇಟಿ ನಾವೇ ಗೊತ್ತುಮಾಡುವುದು ಎಂದು ಬರೆದ ಮೇಲೆ ಒಪ್ಪಿತು.

ಕ್ಯಾಲೆಂಡರ್ ತಂದಿದ್ದವರನ್ನು ನಾನೇ ಫೋನ್ ಮಾಡಿ ಈ ಸುತ್ತಿಗೂ ಕರೆದಿದ್ದೆ. ಅವರ ಮೊದಲ ತಿಂಗಳ ಲೆಕ್ಕ 140ರ ಹತ್ತಿರ ಬಂತು. ಎದುರಿಗೆ ಕೂರಿಸಿ ಹೇಳಿದೆ. ಸ್ವಲ್ಪ ಹೊತ್ತು ಕಾರ್ಡನ್ನೇ ನೋಡುತ್ತಿದ್ದರು. ಆಮೇಲೆ, "ಸಾಧಾರಣದವರಿಗೆ ಎಷ್ಟಿರುತ್ತೆ?" ಅಂದರು. ಗೋಥೆನ್‌ಬರ್ಗ್‌ನ ಸರಾಸರಿ 43 ಅಂದೆ. "ಮೂರು ಪಟ್ಟು" ಅಂದರು, ಅವರೇ ಲೆಕ್ಕ ಹಾಕಿ. ನಂತರ ಸ್ಕ್ಯಾನ್‌ನಲ್ಲಿ ಫೈಬ್ರಾಯ್ಡ್ ಕಂಡಿತು. ಹದಿನೈದು ವರ್ಷದಿಂದ ಸುಸ್ತು ಅಂತ ಹೇಳಿಕೊಂಡು ಓಡಾಡುತ್ತಿದ್ದರಂತೆ, ಪ್ರತಿ ಸಲವೂ ಮಾತ್ರೆ ಬರೆದು ಕಳಿಸಿದ್ದರು.

ನಡುವೆ ದಾರಿ ತಪ್ಪಿ ಒಂದೆರಡು ಬೇರೆ ಪ್ರಯೋಗಗಳೂ ಆದವು. ಫೋನಿನಲ್ಲಿ ಫೋಟೊ ತೆಗೆದು ಬಣ್ಣದಿಂದ ರಕ್ತ ಅಂದಾಜು ಮಾಡೋಣ ಎಂದು ಎರಡು ತಿಂಗಳು ಹಾಳು ಮಾಡಿದೆ. ಬಚ್ಚಲಿನ ಹಳದಿ ಬಲ್ಬ್ ಕೆಳಗೆ ಎಲ್ಲವೂ ಇಟ್ಟಿಗೆ ಬಣ್ಣ. ಬಿಟ್ಟೆ. 1990ರ ಚಿತ್ರದ ಚಾರ್ಟ್ ಇದೆಯಲ್ಲ, ಪ್ಯಾಡಿನ ಚಿತ್ರ ನೋಡಿ ಗೀಟು ಹಾಕುವುದು, 100 ದಾಟಿದರೆ ಜಾಸ್ತಿ ಅನ್ನುವುದು, ಅದನ್ನು ಕಾರ್ಡಿನ ಹಿಂಬದಿಗೆ ಅಚ್ಚು ಹಾಕಿಸಿದ್ದೆ. ಜಾಸ್ತಿ ಹೋಗುವವರನ್ನು ಹಿಡಿಯಲು ಪರವಾಗಿಲ್ಲ, ಎಷ್ಟು ಎಂದು ಹೇಳಲು ಸಾಲದು. ಒಬ್ಬರು ಪೂರ್ತಿ ತುಂಬಿತು ಎಂದದ್ದು ಇನ್ನೊಬ್ಬರಿಗೆ ಅರ್ಧ.

ಇನ್ನೊಂದು, ಮಿಕ್ಕಿದ್ದ ರಕ್ತದಲ್ಲಿ ಆಟ ಆಡಿದ್ದು. 2023ರಲ್ಲಿ ಅಮೆರಿಕದ ತಂಡವೊಂದು 21 ಬಗೆಯ ಪ್ಯಾಡ್, ಟ್ಯಾಂಪನ್, ಕಪ್, ಡಿಸ್ಕ್ (ಕಪ್ ಹಾಗೆಯೇ ಒಳಗೆ ಇಡುವಂಥದ್ದು), ರಕ್ತ ಹೀರುವ ಒಳಉಡುಪುಗಳಿಗೆ ನಿಜವಾದ ರಕ್ತಕಣಗಳನ್ನೇ ಹಾಕಿ ಎಷ್ಟು ಹಿಡಿಯುತ್ತವೆ ನೋಡಿತು. ಎಲ್ಲಕ್ಕಿಂತ ಜಾಸ್ತಿ ಹಿಡಿದದ್ದು ಡಿಸ್ಕ್, ಸರಾಸರಿ 61 ಎಂಎಲ್. ಅದಕ್ಕೆ ಮೊದಲು ಇಂಥ ಅಳತೆಗೆ ಉಪ್ಪುನೀರು, ಬರೀ ನೀರು ಹಾಕುತ್ತಿದ್ದರು. ನಾವೂ ಹಾಕಿ ನೋಡಿದೆವು. ಉಪ್ಪುನೀರು ಹಾಕಿದ ಕೂಡಲೇ ಒಳಗೆ ಹೋಗುತ್ತದೆ. ರಕ್ತ ಮೇಲೆಯೇ ನಿಂತು, ಅಂಚಿಗೆ ಹರಿದು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಪ್ಯಾಕೆಟ್ ಮೇಲೆ ಬರೆದದ್ದನ್ನು ನಂಬಿ "ಎರಡು ಗಂಟೆಗೊಂದು ಪ್ಯಾಡ್ ತುಂಬುತ್ತಾ?" ಎಂದು ಕೇಳುವ ನಮ್ಮ ಫಾರ್ಮುಗಳ ಗತಿ ಯೋಚಿಸಿ.

ಫಲಿತಾಂಶಕ್ಕೆ ಬರೋಣ. 41 ಜನಕ್ಕೂ ಅದೇ ಕಬ್ಬಿಣದ ಮಾತ್ರೆ, ದಿನ ಬಿಟ್ಟು ದಿನ. ಫೆರಿಟಿನ್ ಏರಿಕೆಯನ್ನು ಹಾಗೇ ಗ್ರಾಫ್ ಹಾಕಿದರೆ ಮತ್ತೆ ಚೆಲ್ಲಿದ ಕಾಳು. ಅವರವರ ರಕ್ತದ ನಷ್ಟವನ್ನು ಕಬ್ಬಿಣಕ್ಕೆ ತಿರುಗಿಸಿ ಸೇರಿಸಿದೆವು. ಚುಕ್ಕೆಗಳು ಓರೆಯಾಗಿ ಸಾಲುಗಟ್ಟಿದವು. ಏರುಪೇರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕರಗಿತು. ಇಬ್ಬರು ಮಾತ್ರ ಸಾಲಿನಿಂದ ತುಂಬಾ ಮೇಲೆ ಇದ್ದರು. ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ನೋಡಿದರೆ ಇಬ್ಬರಿಗೂ ಆ ವಾರ ಜ್ವರ. ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್ ಸುಳ್ಳು ಹೇಳುತ್ತದೆ, ಗೊತ್ತಿರುವುದೇ. ಇನ್ನು ಮೇಲೆ ಸಿಆರ್‌ಪಿ ಇಲ್ಲದೆ ಫೆರಿಟಿನ್ ಕಳಿಸುವುದಿಲ್ಲ. ಹಳೇ 70 ಜನರ ಸ್ಟಡಿಯನ್ನು ಉಳಿಸಲು ಆಗಲಿಲ್ಲ, ಅವರ ರಕ್ತದ ಲೆಕ್ಕವೇ ನಮ್ಮಲ್ಲಿಲ್ಲ. ಆ ದುಡ್ಡು ಹೋದ ಹಾಗೆಯೇ. ಆ ಸ್ಟಡಿಯ ವರದಿಯಲ್ಲಿ "ಮಾತ್ರೆ ಸರಿಯಾಗಿ ತೆಗೆದುಕೊಂಡಿರಲಿಕ್ಕಿಲ್ಲ" ಎಂದು ಬರೆದಿದ್ದ ಸಾಲನ್ನು ಮಾತ್ರ ತೆಗೆಸಿದೆ.

ಮೊನ್ನೆ ಆ ಹಿರಿಯ ಸಹೋದ್ಯೋಗಿ ಬಂದು, ತಮ್ಮ ರಕ್ತ ತೆಳುವಾಗಿಸುವ ಔಷಧಿಯ ಸ್ಟಡಿಗೆ ಹತ್ತು ತಕ್ಕಡಿ ಸಿಗುತ್ತಾ ಅಂದರು. ಕೊಟ್ಟೆ, ಬಟ್ಟು ಸಮೇತ.

ಬಗೆಹರಿಯದೆ ಉಳಿದದ್ದು ಪೀರಿಯಡ್ಸ್ ಒಳಉಡುಪು. 41ರಲ್ಲಿ ಐವರು ಅದನ್ನು ಬಳಸುತ್ತಾರೆ. ಬೆವರಿಗೆ ತೂಕ ಏರುತ್ತದೆ. ದುಬಾರಿ ಬಟ್ಟೆ, ಅಲ್ಕಲಿಗೆ ಹಾಕಿ ಅಂದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ತೊಳೆದ ನೀರನ್ನು ಬಾಟಲಿಯಲ್ಲಿ ತರಿಸಿದೆವು. ಮೂರು ಸಲ ತೊಳೆದರೂ 10ಕ್ಕೆ 5 ಸಿಗುವುದಿಲ್ಲ. ಇದಕ್ಕೆ ದಾರಿ ಕಂಡುಕೊಂಡವರು ಯಾರಾದರೂ ಇದ್ದರೆ ಹೇಳಿ. ಬದಲಿಗೆ ಮೂರು ಪ್ಯಾಡ್ ಆರಿಸುವ ನಿಯಮ ಕೊಡುತ್ತೇನೆ.